ಡಗ್ ಫ್ಲೂಟಿಯ ಕಾಲು

ಬಾಸ್ಟನ್ನಿನ ಗ್ರೀನ್ ಲೈನ್‌ನಲ್ಲಿ ‘ಬಿ’ ಗಾಡಿ ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದರೆ ಬಾಸ್ಟನ್ ಕಾಲೇಜು. 1863ರಲ್ಲಿ ಶುರುವಾದ ಜೆಸ್ವಿಟ್ ಪಾದ್ರಿಗಳ ಕಾಲೇಜು ಅದು. ಮಂಗಳೂರಿನ ಸಂತ ಅಲೋಶಿಯಸ್ ನಡೆಸುವವರೂ ಅದೇ ಸಂಘದವರೇ. ಕ್ಯಾಂಪಸ್ಸಿನ ಅಲಮ್ನೈ ಸ್ಟೇಡಿಯಂ ಹೊರಗೆ ಒಂದು ಕಂಚಿನ ಪ್ರತಿಮೆ ಇದೆ. ಅಮೆರಿಕನ್ ಫುಟ್‌ಬಾಲ್‌ನ ಉದ್ದುದ್ದ ಚೆಂಡನ್ನು ಎಸೆಯುವ ಭಂಗಿಯಲ್ಲಿ ನಿಂತ ಈ ಆಟಗಾರ ಡಗ್ ಫ್ಲೂಟಿ, 1981ರಿಂದ 1984ರವರೆಗೆ ಆ ಕಾಲೇಜಿನ ಕ್ವಾರ್ಟರ್‌ಬ್ಯಾಕ್.

2008ರ ನವೆಂಬರಿನಲ್ಲಿ ನಿಲ್ಲಿಸಿದ ಈ ಪ್ರತಿಮೆ ಒಂದೇ ಒಂದು ಎಸೆತದ ಪ್ರತಿಮೆ. 1984ರ ನವೆಂಬರ್ 23, ಮಯಾಮಿಯ ಆರೆಂಜ್ ಬೌಲ್ ಮೈದಾನ, ಪಂದ್ಯ ಮುಗಿಯಲು ಆರು ಸೆಕೆಂಡು. ಮೂರ್ತಿ ನೋಡಿದವರ ಕಣ್ಣು ಸಹಜವಾಗಿ ಕೈಗೆ ಹೋಗುತ್ತದೆ. ಆಟ ಬಲ್ಲವರು ಅದೇ ಎಸೆತದ ವಿಡಿಯೊವನ್ನು ನಿಧಾನಕ್ಕೆ ಓಡಿಸುವಾಗ ನೋಡುವುದು ಸೊಂಟದ ಕೆಳಗೆ. ಫ್ಲೂಟಿಗೆ ಬಂದ ಎಲ್ಲ ಗೌರವಗಳ ಬುಡದಲ್ಲಿ ಇರುವುದು ಅವನ ಕಾಲು. ಕಂಚಿನಲ್ಲಿ ಅದನ್ನು ಎರಕ ಹೊಯ್ಯುವುದು ಕಷ್ಟ, ಯಾಕೆಂದರೆ ಕಾಲಿನ ಕೆಲಸವೆಲ್ಲ ಚಲನೆಯಲ್ಲಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನ 100 ಗಜ ಉದ್ದ, 53 ಗಜ ಚಿಲ್ಲರೆ ಅಗಲ. ಎರಡೂ ತುದಿಯಲ್ಲಿ ಹತ್ತು ಹತ್ತು ಗಜದ ಎಂಡ್ ಝೋನ್. ಒಂದೊಂದು ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಎಂಡ್ ಝೋನ್ ಒಳಗೆ ಚೆಂಡು ಸೇರಿದರೆ ಟಚ್‌ಡೌನ್, ಆರು ಅಂಕ. ಆಮೇಲೆ ಒಂದು ಒದೆತಕ್ಕೆ ಇನ್ನೊಂದು ಅಂಕ. ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಓಡುವವನಿಗೆ ಕೊಡಬೇಕೋ, ದೂರದಲ್ಲಿ ಓಡುತ್ತಿರುವ ರಿಸೀವರ್‌ಗೆ ಎಸೆಯಬೇಕೋ, ತಾನೇ ಓಡಬೇಕೋ ಎಂಬ ತೀರ್ಮಾನ ಎರಡು ಮೂರು ಸೆಕೆಂಡಿನಲ್ಲಿ ಆಗಬೇಕು. ಅಷ್ಟರಲ್ಲಿ ಎದುರಾಳಿಯ ನಾಲ್ಕೈದು ದಾಂಡಿಗರು ಅವನನ್ನು ನೆಲಕ್ಕೆ ಕೆಡವಲು ನುಗ್ಗಿರುತ್ತಾರೆ.

ಫ್ಲೂಟಿಯ ಎತ್ತರ ಐದಡಿ ಹತ್ತಿಂಚು. ನಮ್ಮ ಕಡೆ ಹೆಣ್ಣು ನೋಡಲು ಹೋದರೆ ‘ಹುಡುಗ ಒಳ್ಳೇ ಎತ್ತರ’ ಎನಿಸಿಕೊಳ್ಳುವ ಅಳತೆ. ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಇದು ಗಿಡ್ಡ. ಅವನ ಮುಂದೆ ನಿಂತು ಅವನನ್ನು ಕಾಯುವ ಲೈನ್‌ಮನ್‌ಗಳು ಆರಡಿ ನಾಲ್ಕಿಂಚು, ಆರಡಿ ಐದಿಂಚು ಇರುತ್ತಾರೆ. ಅವರನ್ನು ತಳ್ಳುತ್ತ ಬರುವವರೂ ಅಷ್ಟೇ ಎತ್ತರ, ಅದರ ಮೇಲೆ ಕೈ ಬೇರೆ ಎತ್ತುತ್ತಾರೆ. ಫ್ಲೂಟಿಯ ಕಣ್ಣು ಅವರ ಗದ್ದದ ಮಟ್ಟಕ್ಕೂ ಬರುವುದಿಲ್ಲ. ಆಚೆ ಯಾರು ಖಾಲಿ ಇದ್ದಾರೆ ಎಂದು ಕಾಣದಿದ್ದರೆ ಎಸೆಯುವುದು ಯಾರಿಗೆ? ಮ್ಯಾಸಚೂಸೆಟ್ಸಿನ ನೇಟಿಕ್ ಹೈಸ್ಕೂಲಿನಲ್ಲಿ ಅವನು ಆಡಿದ್ದನ್ನು ಕಂಡ ಮೇಲೂ, ಮೇಲ್ದರ್ಜೆಯ ಕಾಲೇಜುಗಳ ಪೈಕಿ ಸ್ಕಾಲರ್‌ಶಿಪ್ ಕೊಡಲು ಮುಂದೆ ಬಂದದ್ದು ಬಾಸ್ಟನ್ ಕಾಲೇಜು ಒಂದೇ.

ಗಿಡ್ಡ ಕ್ವಾರ್ಟರ್‌ಬ್ಯಾಕ್‌ಗೆ ಇರುವ ದಾರಿ ಮೂರು, ಮೂರಕ್ಕೂ ತೆರಬೇಕಾದ ಬೆಲೆ ಇದೆ.

ಮೊದಲನೆಯದು ಇನ್ನಷ್ಟು ಹಿಂದೆ ಸರಿಯುವುದು. ಕಾಂಪೌಂಡ್ ಗೋಡೆಗೆ ಮೂಗು ತಾಗಿಸಿ ನಿಂತರೆ ಆಚೆಯದೇನೂ ಕಾಣದು. ಹತ್ತು ಹೆಜ್ಜೆ ಹಿಂದೆ ಬಂದರೆ ಗೋಡೆಯ ಮೇಲಿಂದ ತೆಂಗಿನ ಮರದ ಅರ್ಧ ಕಾಣುತ್ತದೆ. ಲೆಕ್ಕ ಅಷ್ಟೇ. ಚೆಂಡು ಕೈಗೆ ಬಂದ ಮೇಲೆ ಮೂರು ಹೆಜ್ಜೆ ಹಿಂದೆ ಹೋದರೆ ಕ್ವಾರ್ಟರ್‌ಬ್ಯಾಕ್ ಆಟ ಶುರುವಾದ ಗೆರೆಯಿಂದ ನಾಲ್ಕೈದು ಗಜ ಹಿಂದಿರುತ್ತಾನೆ, ಐದು ಹೆಜ್ಜೆಗೆ ಸುಮಾರು ಏಳು ಗಜ, ಏಳು ಹೆಜ್ಜೆಗೆ ಒಂಬತ್ತರಿಂದ ಹತ್ತು ಗಜ. ಹೆಚ್ಚು ಹಿಂದೆ ಹೋದಷ್ಟೂ ನೋಟ ತೆರೆಯುತ್ತದೆ, ಚೆಂಡನ್ನು ಎತ್ತರಿಸಿದ ಕೈಗಳ ಮೇಲಿಂದ ದಾಟಿಸುವುದೂ ಸಲೀಸು. ಆದರೆ ಎಸೆತ ಅಷ್ಟು ಗಜ ಉದ್ದವಾಗುತ್ತದೆ. ಜೊತೆಗೆ, ಎರಡೂ ಅಂಚಿನಿಂದ ಸುತ್ತಿ ಬರುವ ಎದುರಾಳಿಗೆ ಅವನ ಬೆನ್ನು ಸಿಗುತ್ತದೆ. ಅಂಚಿನ ಲೈನ್‌ಮನ್ ತನ್ನವನು ಎಲ್ಲಿ ನಿಂತಿದ್ದಾನೆ ಎಂಬ ಅಂದಾಜಿನ ಮೇಲೆ ಎದುರಾಳಿಯನ್ನು ಹೊರಕ್ಕೆ ತಳ್ಳುತ್ತಿರುತ್ತಾನೆ. ಆ ಅಂದಾಜು ಎರಡು ಗಜ ತಪ್ಪಿದರೂ ತಳ್ಳಿದವನು ನೇರ ಕ್ವಾರ್ಟರ್‌ಬ್ಯಾಕ್ ಮೈಮೇಲೆ ಬೀಳುತ್ತಾನೆ.

ಎರಡನೆಯದು ಸಂದಿ ಹುಡುಕುವುದು. ಇಬ್ಬರು ಲೈನ್‌ಮನ್‌ಗಳ ನಡುವೆ ಸದಾ ಒಂದು ಕಿಂಡಿ ತೆರೆದು ಮುಚ್ಚುತ್ತಿರುತ್ತದೆ. ಕ್ವಾರ್ಟರ್‌ಬ್ಯಾಕ್ ಒಂದು ಅರ್ಧ ಹೆಜ್ಜೆ ಎಡಕ್ಕೆ, ಒಂದು ಅರ್ಧ ಹೆಜ್ಜೆ ಮುಂದಕ್ಕೆ ಜರುಗಿ ಆ ಕಿಂಡಿಯ ನೇರಕ್ಕೆ ಬರಬೇಕು. ಇಲ್ಲಿ ಆಗುವ ತಪ್ಪು ಒಂದೇ ಬಗೆಯದು: ಜರುಗುವಾಗ ಕಾಲು ಜೋಡಿಸಿಬಿಡುತ್ತಾರೆ. ಎರಡು ಪಾದ ಒಟ್ಟಿಗೆ ಬಂದ ಕ್ಷಣದಲ್ಲಿ ಎಸೆಯಬೇಕಾಗಿ ಬಂದರೆ ಮೈಯ ತೂಕ ಚೆಂಡಿಗೆ ಹೋಗುವುದೇ ಇಲ್ಲ, ಬರೀ ತೋಳಿನ ಎಸೆತ. ಪಾದಗಳ ನಡುವೆ ಭುಜದಗಲ ಜಾಗ ಯಾವಾಗಲೂ ಇರಬೇಕು ಎಂದು ಕೋಚ್‌ಗಳು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಮೂರನೆಯದು ಗೋಡೆಯನ್ನೇ ಬಿಟ್ಟು ಪಕ್ಕಕ್ಕೆ ಓಡುವುದು. ಬಲಗೈಯವನು ಬಲಕ್ಕೆ ಓಡಿದರೆ ಭುಜ ತಾನಾಗಿ ಗುರಿಯತ್ತ ತಿರುಗಿರುತ್ತದೆ, ಎಡಕ್ಕೆ ಓಡಿದರೆ ಸೊಂಟವನ್ನು ಪೂರ್ತಿ ತಿರುಗಿಸಿಕೊಳ್ಳಬೇಕು. ಬಲಕ್ಕೆ ಓಡುವುದರ ನಷ್ಟ, ಮೈದಾನದ ಎಡ ಅರ್ಧ ಕೈಬಿಟ್ಟಂತೆ. ಆ ಕಡೆ ಎಸೆಯಲು ಹೋದರೆ ಚೆಂಡು ಮೈಯನ್ನು ಅಡ್ಡ ಹಾಯ್ದು ತೇಲುತ್ತದೆ, ಎದುರಾಳಿಯ ಕೈಗೆ ಸಿಗುತ್ತದೆ. ಫ್ಲೂಟಿ ಮೂರನ್ನೂ ಬೆರೆಸಿ ಆಡುತ್ತಿದ್ದ. ಓಡುತ್ತಿರುವಾಗಲೂ ಕಣ್ಣು ಮೈದಾನದ ಆಳದಲ್ಲೇ ಇರುತ್ತಿತ್ತು. ಹೆಚ್ಚಿನವರು ಅಟ್ಟಿಸಿಕೊಂಡು ಬಂದವನನ್ನು ಒಮ್ಮೆ ತಿರುಗಿ ನೋಡುತ್ತಾರೆ, ಅಲ್ಲಿಗೆ ಆ ಪ್ರಯತ್ನ ಮುಗಿಯಿತು.

ಇನ್ನು ಎಸೆತ. ಚೆಂಡು ಸುಮಾರು 28 ಸೆಂ.ಮೀ. ಉದ್ದ, 400 ಗ್ರಾಂ ಮೇಲೆ ತೂಕ. ಕ್ರಿಕೆಟ್ ಚೆಂಡಿನ ಎರಡೂವರೆ ಪಟ್ಟು ಭಾರ, ಆಕಾರವೋ ಎರಡೂ ಕಡೆ ಚೂಪು. ತನ್ನ ಉದ್ದಕ್ಕೆ ತಾನು ಬುಗುರಿಯಂತೆ ಸುತ್ತಿದರೆ ಮಾತ್ರ ಗಾಳಿ ಸೀಳಿಕೊಂಡು ಹೋಗುತ್ತದೆ. ಹಾಗಾಗಿ ಬೆರಳುಗಳು ಹೊಲಿಗೆಯ ಮೇಲೆ ಕೂರಬೇಕು, ಅಂಗೈಗೂ ಚೆಂಡಿಗೂ ನಡುವೆ ಸಣ್ಣ ಸಂದು ಇರಬೇಕು. ತೋರುಬೆರಳು ಕೊನೆಯದಾಗಿ ಚೆಂಡು ಬಿಡುತ್ತದೆ. ಅಂಗೈ ತಗುಲಿತೋ, ಚೆಂಡು ಓಲಾಡಿಕೊಂಡು ಹೋಗುತ್ತದೆ. ಇವೆಲ್ಲ ಹೈಸ್ಕೂಲು ಹುಡುಗನಿಗೂ ಗೊತ್ತಿರುವ ಪಾಠ. ದೂರದ ಎಸೆತ ಹಾಳಾಗುವುದು ಕೈಯಿಂದಲ್ಲ, ಮುಂದಿನ ಪಾದದಿಂದ. ಬಲಗೈಯವನ ಎಡಪಾದ ಗುರಿಗಿಂತ ತೀರಾ ಬಲಕ್ಕೆ ಬಿದ್ದರೆ ಸೊಂಟ ತಿರುಗಲು ಜಾಗವಿಲ್ಲದೆ ಸಿಕ್ಕಿಹಾಕಿಕೊಳ್ಳುತ್ತದೆ, ಕೆಲಸ ಮಾಡುವುದು ತೋಳು ಮಾತ್ರ. ತೀರಾ ಎಡಕ್ಕೆ ಬಿದ್ದರೆ ಸೊಂಟ ಮೊದಲೇ ಬಿಚ್ಚಿಕೊಂಡು ಚೆಂಡು ಮೇಲಕ್ಕೆ ಹಾರಿಹೋಗುತ್ತದೆ. ಹೆಜ್ಜೆ ಅತಿ ಉದ್ದವಾದರೆ ತೂಕ ಹಿಂದಿನ ಕಾಲಿನಲ್ಲೇ ಉಳಿಯುತ್ತದೆ. ಓಡುತ್ತ ಬಂದವನಂತೂ ಒಂದು ಸಣ್ಣ ಕುಪ್ಪಳಿಕೆ ಹಾಕಿ ಪಕ್ಕದ ವೇಗವನ್ನು ಮುಂದಿನ ವೇಗವಾಗಿ ಬದಲಿಸಿಕೊಳ್ಳಬೇಕು. ಈ ಕುಪ್ಪಳಿಕೆಯಲ್ಲೇ ಫ್ಲೂಟಿಯ ಬಂಡವಾಳ ಇತ್ತು.

1981ರಲ್ಲಿ ಕೋಚ್ ಜ್ಯಾಕ್ ಬಿಕ್ನೆಲ್ ತಂಡಕ್ಕೆ ಬಂದಾಗ ಫ್ಲೂಟಿ ಮೊದಲ ವರ್ಷದ ಹುಡುಗ, ಕ್ವಾರ್ಟರ್‌ಬ್ಯಾಕ್‌ಗಳ ಸಾಲಿನಲ್ಲಿ ಬಾಲದ ತುದಿ. ಪೆನ್ ಸ್ಟೇಟ್ ವಿರುದ್ಧ ಪಂದ್ಯ ಕೈಬಿಟ್ಟ ಮೇಲೆ ಅವನನ್ನು ಇಳಿಸಿದರು. ಆಮೇಲೆ ಆ ಜಾಗ ಬೇರೆಯವರಿಗೆ ಹೋಗಲೇ ಇಲ್ಲ. ಅವನ ಮೊದಲ ಮೂರು ವರ್ಷ ಕ್ವಾರ್ಟರ್‌ಬ್ಯಾಕ್‌ಗಳನ್ನು ತಿದ್ದುತ್ತಿದ್ದವರು ಟಾಮ್ ಕಾಫ್ಲಿನ್, ಮುಂದೆ ನ್ಯೂಯಾರ್ಕ್ ಜೈಂಟ್ಸ್‌ಗೆ ಎರಡು ಸೂಪರ್ ಬೌಲ್ (ವೃತ್ತಿಪರ ಲೀಗಿನ ಫೈನಲ್) ಗೆದ್ದುಕೊಟ್ಟ ಕೋಚ್. ನಾಲ್ಕು ವರ್ಷ ಮುಗಿಯುವಾಗ ಫ್ಲೂಟಿಯ ಲೆಕ್ಕ 10,579 ಗಜ. ಕಾಲೇಜು ಫುಟ್‌ಬಾಲ್‌ನ ಮೇಲ್ದರ್ಜೆಯಲ್ಲಿ ಎಸೆತದಿಂದ 10,000 ಗಜ ದಾಟಿದ ಮೊದಲಿಗ ಅವನು.

ಈಗ ಮಯಾಮಿ. ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ತಂಡ, ಕೋಚ್ ಜಿಮ್ಮಿ ಜಾನ್ಸನ್, ಕ್ವಾರ್ಟರ್‌ಬ್ಯಾಕ್ ಬರ್ನಿ ಕೋಸಾರ್. ಕೋಸಾರ್ ಆ ದಿನ 447 ಗಜ ಎಸೆದ, ಫ್ಲೂಟಿ 46 ಎಸೆತಗಳಲ್ಲಿ 34 ಮುಟ್ಟಿಸಿ 472 ಗಜ. ಪಂದ್ಯ ಮುಗಿಯಲು 28 ಸೆಕೆಂಡು ಇರುವಾಗ ಮಯಾಮಿ ಟಚ್‌ಡೌನ್ ಹೊಡೆದು 45-41 ಮುಂದೆ ಹೋಯಿತು. ನಾಲ್ಕು ಅಂಕ ಹಿಂದೆ, ಅಂದರೆ ಎರಡು ಕಂಬಗಳ ನಡುವೆ ಚೆಂಡು ಒದ್ದು ಪಡೆಯುವ ಮೂರು ಅಂಕ ಸಾಲದು. ಟಚ್‌ಡೌನೇ ಬೇಕು. ಎದುರಿಗೆ 80 ಗಜ.

ಪ್ರತಿಮೆಯಲ್ಲಿ ಜಾಗ ಸಿಗದ ಭಾಗ ಇದು. ಕೊನೆಯ ಎಸೆತಕ್ಕೆ ಮುಂಚೆ ಮೂರು ಎಸೆತ ಇದ್ದವು. ತನ್ನ 20 ಗಜದ ಗೆರೆಯಿಂದ ಮೊದಲನೆಯದು ಟ್ರಾಯ್ ಸ್ಟ್ರಾಡ್‌ಫರ್ಡ್‌ಗೆ, 19 ಗಜ. ಎರಡನೆಯದು ಸ್ಕಾಟ್ ಗೀಸೆಲ್‌ಮನ್‌ಗೆ, 13 ಗಜ. ಚೆಂಡು ಈಗ ಮಯಾಮಿಯ 48ರ ಗೆರೆಯಲ್ಲಿ, ಅಂದರೆ ಎಂಡ್ ಝೋನ್‌ಗೆ ಇನ್ನು 48 ಗಜ. ಆಗಿನ ಕಾಲೇಜು ನಿಯಮದಲ್ಲಿ ಹತ್ತು ಗಜ ದಾಟಿದ ಕೂಡಲೇ ಗಡಿಯಾರ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಅಳತೆ ಸರಪಳಿ ಹೊಸ ಜಾಗಕ್ಕೆ ಬಂದ ಮೇಲೆ ಮತ್ತೆ ಓಡುತ್ತಿತ್ತು. ಆ ನಿಯಮ ಇಲ್ಲದಿದ್ದರೆ 28 ಸೆಕೆಂಡಿನಲ್ಲಿ ಇಷ್ಟು ಆಡಲು ಆಗುತ್ತಲೇ ಇರಲಿಲ್ಲ. ಮೂರನೆಯ ಎಸೆತ ಯಾರಿಗೂ ಸಿಗಲಿಲ್ಲ. ನೆಲಕ್ಕೆ ಬಿದ್ದ ಎಸೆತವೂ ಗಡಿಯಾರ ನಿಲ್ಲಿಸುತ್ತದೆ. ಉಳಿದದ್ದು ಆರು ಸೆಕೆಂಡು. ಒಂದು ಪ್ರಯತ್ನಕ್ಕೆ ಸಾಕು, ಯಾಕೆಂದರೆ ಗಡಿಯಾರ ಸೊನ್ನೆಗೆ ಬರುವ ಮುನ್ನ ಶುರುವಾದ ಪ್ರಯತ್ನ ಪೂರ್ತಿ ಮುಗಿಯುವವರೆಗೂ ನಡೆಯುತ್ತದೆ.

ಇಂಥ ಕೊನೆಗಳಿಗೆಯ ಎಸೆತಕ್ಕೆ ಅಮೆರಿಕದಲ್ಲಿ ‘ಹೇಲ್ ಮೇರಿ’ ಎನ್ನುತ್ತಾರೆ, ಮಾತೆ ಮರಿಯಮ್ಮನವರಿಗೆ ಕ್ಯಾಥೊಲಿಕ್ಕರು ಸಲ್ಲಿಸುವ ಪ್ರಾರ್ಥನೆಯ ಮೊದಲ ಪದಗಳು. 1975ರ ಡಿಸೆಂಬರಿನಲ್ಲಿ ಡಲ್ಲಸ್ ತಂಡದ ರೋಜರ್ ಸ್ಟೌಬಾಕ್ ಇಂಥದ್ದೊಂದು ಎಸೆದ ಮೇಲೆ ಈ ಹೆಸರು ಮನೆಮಾತಾಯಿತು. ಹೆಸರು ಕೇಳಿದರೆ ಕಣ್ಣು ಮುಚ್ಚಿ ದೇವರ ಮೇಲೆ ಭಾರ ಹಾಕಿ ಎಸೆದಂತೆ ಅನಿಸುತ್ತದೆ. ಬಾಸ್ಟನ್ ಕಾಲೇಜಿನವರ ಕೈಪಿಡಿಯಲ್ಲಿ ಅದಕ್ಕೆ ಬೇರೆಯೇ ಹೆಸರು ಇತ್ತು: ‘55 ಫ್ಲಡ್ ಟಿಪ್’. ಫ್ಲಡ್ ಅಂದರೆ ಒಂದೇ ಮೂಲೆಗೆ ರಿಸೀವರ್‌ಗಳನ್ನು ನೆರೆಯಂತೆ ನುಗ್ಗಿಸುವುದು. ಟಿಪ್ ಅಂದರೆ ಚೆಂಡನ್ನು ಹಿಡಿಯುವ ಆಸೆ ಬಿಟ್ಟು ಮೇಲಕ್ಕೆ ತಟ್ಟುವುದು. ಗುಂಪಿನ ನಡುವೆ ಒಬ್ಬ ಹಾರಿ ತಟ್ಟಬೇಕು, ಒಬ್ಬ ಅವನ ಮುಂದೆ, ಒಬ್ಬ ಹಿಂದೆ ಕಾದಿರಬೇಕು. ಎಂಟು ಹತ್ತು ಜನ ಒಟ್ಟಿಗೆ ಹಾರುವ ಕಡೆ ಶುದ್ಧವಾಗಿ ಹಿಡಿಯುವ ಅವಕಾಶ ಕಡಿಮೆ, ಸಿಡಿದು ಬಂದದ್ದನ್ನು ಹಿಡಿಯುವ ಅವಕಾಶ ಅದಕ್ಕಿಂತ ಹೆಚ್ಚು.

ಇದರಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕಷ್ಟ ಹೊತ್ತಿನದು. ರಿಸೀವರ್ 48 ಗಜ ಓಡಿ ಗೋಲ್ ಗೆರೆ ಮುಟ್ಟಲು ಐದೂವರೆ ಸೆಕೆಂಡಿನ ಹತ್ತಿರ ಬೇಕು. ಅಷ್ಟು ದೂರದ ಎಸೆತ ಗಾಳಿಯಲ್ಲಿ ಇರುವುದು ಮೂರು ಸೆಕೆಂಡು ಚಿಲ್ಲರೆ. ಅಂದರೆ ಚೆಂಡು ಕೈಗೆ ಬಂದ ಮೇಲೆ ಎರಡೂವರೆ ಸೆಕೆಂಡಾದರೂ ಬದುಕಿರಬೇಕು, ಅದಕ್ಕಿಂತ ಮುಂಚೆ ಎಸೆದರೆ ಚೆಂಡು ಜನ ಇಲ್ಲದ ಕಡೆ ಬೀಳುತ್ತದೆ. ತಡ ಮಾಡಿದರೆ ಎದುರಾಳಿ ಮೈಮೇಲೆ. ಫ್ಲೂಟಿ ನೇರ ಹಿಂದಕ್ಕೆ ಸರಿದ, ಎದುರಾಳಿ ಒಳಗೆ ನುಗ್ಗಿದ್ದನ್ನು ಕಂಡು ಬಲಕ್ಕೆ ಜಾರಿದ, ಇನ್ನೂ ಹಿಂದಕ್ಕೆ ಹೋದ. ಮಯಾಮಿಯ 48ರ ಗೆರೆಯಿಂದ ಶುರುವಾದ ಆಟದಲ್ಲಿ ಅವನು ನಿಂತದ್ದು ತನ್ನದೇ 37ರ ಗೆರೆಯ ಮೇಲೆ. ಹದಿನೈದು ಗಜ ಹಿಂದೆ. ಅಲ್ಲಿ ಪಾದ ಊರಿ, ಮೈಯನ್ನೆಲ್ಲ ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ, ಎದುರುಗಾಳಿಗೆ ಎಸೆದ. ಗೋಲ್ ಗೆರೆಗೆ 63 ಗಜ, ಐವತ್ತೇಳೂವರೆ ಮೀಟರ್.

ಆ ಹದಿನೈದು ಗಜದ ಹಿಂಬರಿಕೆಯೇ ಪಂದ್ಯ ಗೆದ್ದುಕೊಟ್ಟಿತು ಎಂದರೆ ಅತಿಶಯೋಕ್ತಿ ಅಲ್ಲ. ಮಯಾಮಿಯ ಹಿಂಸಾಲಿನವರ ಜಾಗದಲ್ಲಿ ನಿಂತು ನೋಡಿ. ಗಿಡ್ಡ ಹುಡುಗ, ಎದುರುಗಾಳಿ, ಮೇಲೆ ಅವನು ಹಿಂದೆ ಹಿಂದೆ ಹೋಗುತ್ತಿದ್ದಾನೆ. ಚೆಂಡು ಇಲ್ಲಿಯವರೆಗೆ ಬರುವುದುಂಟೇ? ಗೋಲ್ ಗೆರೆಗಿಂತ ಕೆಲವು ಗಜ ಮುಂದೆ ಬೀಳುತ್ತದೆ ಎಂದು ಲೆಕ್ಕ ಹಾಕಿ ಅವರು ಗೆರೆಯ ಮುಂದೆ ಗುಂಪುಗೂಡಿದರು. ಜೆರಾರ್ಡ್ ಫೀಲನ್, ಫ್ಲೂಟಿಯ ಹಾಸ್ಟೆಲ್ ರೂಮ್‌ಮೇಟ್, ಅವರ ಪಕ್ಕದಲ್ಲೇ ಓಡಿ ಹಿಂದಕ್ಕೆ ದಾಟಿಕೊಂಡ. ಯಾರೂ ತಡೆಯಲಿಲ್ಲ. ಚೆಂಡು ಹಾರಿದವರ ತಲೆಯ ಮೇಲಿಂದ ಬಂದು ನೇರ ಫೀಲನ್ ಹೊಟ್ಟೆಗೆ ಬಿತ್ತು. ತಟ್ಟುವ ಪ್ರಮೇಯವೇ ಬರಲಿಲ್ಲ. ಹಿಡಿದುಕೊಂಡೇ ಎಂಡ್ ಝೋನಿನಲ್ಲಿ ಮಗುಚಿದ. 47-45. ಒಂದು ಅಂಕದ ಒದೆತವನ್ನು ಒದೆಯುವ ಗೋಜಿಗೆ ಯಾರೂ ಹೋಗಲಿಲ್ಲ.

ಇಂಥ ಎಸೆತವನ್ನು ತಡೆಯುವ ನಿಯಮ ಸರಳ, ಆದರೂ ಪ್ರತಿ ಐದಾರು ವರ್ಷಕ್ಕೊಮ್ಮೆ ಯಾರೋ ಮುರಿಯುತ್ತಾರೆ. ಒಬ್ಬ ಎಲ್ಲರಿಗಿಂತ ಹಿಂದೆ ಇರಬೇಕು, ಏನೇ ಆದರೂ ಅವನ ಹಿಂದೆ ಯಾರನ್ನೂ ಬಿಡಬಾರದು. ಚೆಂಡನ್ನು ಹಿಡಿಯಲು ಹೋಗದೆ ನೆಲಕ್ಕೆ ಬಡಿಯಬೇಕು. ಇಬ್ಬರು ಒಂದೇ ಚೆಂಡಿಗೆ ಹಾರಿ ಡಿಕ್ಕಿ ಹೊಡೆದುಕೊಳ್ಳಬಾರದು. ಮಯಾಮಿಯವರು ಅಂದು ಮೊದಲನೆಯದನ್ನೇ ಮರೆತರು.

ಆ ಎಸೆತ ಇಷ್ಟು ಜನರ ನೆನಪಿನಲ್ಲಿ ಉಳಿಯಲು ಇನ್ನೊಂದು ಕಾರಣ ಮೈದಾನದ ಹೊರಗಿತ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನ, ಶುಕ್ರವಾರ, ದೇಶವೆಲ್ಲ ಮನೆಯಲ್ಲಿ ಹಬ್ಬದ ಅಡುಗೆ ಮಿಕ್ಕಿದ್ದನ್ನು ತಿನ್ನುತ್ತ ಟಿವಿ ಮುಂದೆ ಕೂತ ದಿನ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕಾಲೇಜು ಫುಟ್‌ಬಾಲ್ ಪ್ರಸಾರದ ಮೇಲೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಇಟ್ಟುಕೊಂಡಿದ್ದ ಹಿಡಿತ ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತ್ತು. ಯಾವ ಪಂದ್ಯ ಯಾವಾಗ ತೋರಿಸಬೇಕು ಎಂಬುದು ಟಿವಿಯವರ ಮತ್ತು ಕಾಲೇಜುಗಳ ಕೈಗೆ ಬಂದ ಮೊದಲ ಋತು ಅದು. ಸಿಬಿಎಸ್ ಟಿವಿ ಈ ಪಂದ್ಯವನ್ನು ಹಬ್ಬದ ಶುಕ್ರವಾರಕ್ಕೆ ತಂದಿಟ್ಟಿತ್ತು.

ಎಂಟು ದಿನ ಕಳೆದು, ಡಿಸೆಂಬರ್ 1ರಂದು, ಫ್ಲೂಟಿಗೆ ಹೈಸ್‌ಮನ್ ಟ್ರೋಫಿ, ಅಂದರೆ ಕಾಲೇಜು ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ, ಘೋಷಣೆ ಆಯಿತು. ಆ ಎಸೆತವೇ ಅವನಿಗೆ ಹೈಸ್‌ಮನ್ ಕೊಡಿಸಿತು ಎಂದು ಇಂದಿಗೂ ಹೇಳುವವರಿದ್ದಾರೆ. ಹಾಗಲ್ಲ, ಮತದಾನ ಮಯಾಮಿ ಪಂದ್ಯಕ್ಕೂ ಮುನ್ನವೇ ಮುಗಿದಿತ್ತು. ಮತ ಹಾಕಿದವರು ಅಳೆದದ್ದು ಆ ಋತುವಿನಲ್ಲಿ ಅಲ್ಲಿಯವರೆಗೆ ಆಡಿದ ಪಂದ್ಯಗಳನ್ನು. ಕುತೂಹಲದ ಸಂಗತಿ ಏನೆಂದರೆ 1935ರಿಂದ ಕೊಡುತ್ತಿರುವ ಈ ಟ್ರೋಫಿಯ ಕಂಚಿನ ಬೊಂಬೆ ಎಸೆಯುವವನದಲ್ಲ, ಓಡುವವನದು: ಒಂದು ಕೈಯಲ್ಲಿ ಚೆಂಡು ಅವುಚಿಕೊಂಡು, ಇನ್ನೊಂದು ಕೈ ಚಾಚಿ ಎದುರಾಳಿಯನ್ನು ದೂರ ತಳ್ಳುತ್ತಿರುವ ಭಂಗಿ. ಬೊಂಬೆಗೆ ತಕ್ಕ ಹಾಗೆ 1971ರಲ್ಲಿ ಆಬರ್ನ್‌ನ ಪ್ಯಾಟ್ ಸಲಿವನ್ ಗೆದ್ದ ಮೇಲೆ ಹನ್ನೆರಡು ವರ್ಷ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೂ ಅದು ಸಿಕ್ಕಿರಲಿಲ್ಲ. ಆ ಸಾಲು ಮುರಿದವನು ಫ್ಲೂಟಿ.

ಅಮೆರಿಕದ ಕಾಲೇಜುಗಳು ಆಟಗಾರನನ್ನು ಗೌರವಿಸುವ ರೀತಿಗಳು ಹಲವು, ಕೆಲವು ವಿಚಿತ್ರವೂ ಹೌದು. ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಆರ್ಚಿ ಮ್ಯಾನಿಂಗ್ ಅಂಗಿಯ ನಂಬರು 18. ಆ ಗೌರವಕ್ಕೆ ಕ್ಯಾಂಪಸ್ಸಿನ ರಸ್ತೆಗಳ ವೇಗಮಿತಿ ಗಂಟೆಗೆ 18 ಮೈಲಿ. ದಂಡ ಕಟ್ಟಿದವನಿಗೂ ಆಟಗಾರನ ನೆನಪಾಗಲಿ ಅಂತಲೋ ಏನೋ. ಸಾಮಾನ್ಯವಾಗಿ ಮಾಡುವುದು ನಂಬರನ್ನು ನಿವೃತ್ತಿಗೊಳಿಸುವುದು, ಮುಂದೆ ಯಾರಿಗೂ ಅದನ್ನು ಕೊಡುವುದಿಲ್ಲ. ಬಾಸ್ಟನ್ ಕಾಲೇಜು ಫ್ಲೂಟಿಯ 22ನ್ನು ಹಾಗೆ ಎತ್ತಿಟ್ಟಿತು. ಕ್ವಾರ್ಟರ್‌ಬ್ಯಾಕ್‌ಗೆ 22 ಅಪರೂಪದ ನಂಬರು. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು 1ರಿಂದ 19ರೊಳಗೇ ಇರಬೇಕೆಂಬ ನಿಯಮ ಇದ್ದದ್ದರಿಂದ ಅಲ್ಲಿ ಅವನು 2 ಮತ್ತು 7 ಹಾಕಿಕೊಂಡ.

ಕಾಲೇಜು ಫುಟ್‌ಬಾಲ್ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡದ್ದು 2007ರಲ್ಲಿ, ಕೊನೆಯ ಕಾಲೇಜು ಋತುವಾಗಿ 23 ವರ್ಷಕ್ಕೆ. ಯಾಕಿಷ್ಟು ತಡ ಎಂದು ಕೇಳುವವರು ಅದರ ನಿಯಮ ಓದಬೇಕು. ಮಾನ್ಯತೆ ಪಡೆದ ಯಾವುದಾದರೊಂದು ಆಯ್ಕೆಪಟ್ಟಿಯಲ್ಲಿ ಮೊದಲ ದರ್ಜೆಯ ಆಲ್-ಅಮೆರಿಕನ್ (ಆ ವರ್ಷ ದೇಶದ ಶ್ರೇಷ್ಠರ ತಂಡದಲ್ಲಿ ಒಬ್ಬ) ಆಗಿರಬೇಕು, ಕಾಲೇಜು ಆಟ ಮುಗಿದು ಹತ್ತು ವರ್ಷ ಆಗಿರಬೇಕು, ವೃತ್ತಿಪರ ಆಟ ನಿಲ್ಲಿಸಿರಬೇಕು. ಮೊದಲ ಎರಡು ಷರತ್ತು 1994ಕ್ಕೇ ಪೂರೈಸಿದ್ದವು. ಮೂರನೆಯದು ಆಗಲಿಲ್ಲ, ಯಾಕೆಂದರೆ ಅವನು ಆಡುವುದನ್ನು ನಿಲ್ಲಿಸಲೇ ಇಲ್ಲ. 1985ರಿಂದ 2005ರವರೆಗೆ 21 ಋತು. ಈ ಹಾಲ್ ವೃತ್ತಿಪರ ಆಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಅದು ಮುಗಿಯುವವರೆಗೆ ಕಾಯುತ್ತದೆ.

ಆ 21 ಋತುಗಳಲ್ಲಿ ಚೆನ್ನಾದವು ಕೆನಡಾದಲ್ಲಿ. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ 1985ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಹೈಸ್‌ಮನ್ ಗೆದ್ದವನ ಹೆಸರು ಬಂದದ್ದು ಹನ್ನೊಂದನೇ ಸುತ್ತಿನಲ್ಲಿ, 285ನೆಯವನಾಗಿ. ಅಷ್ಟರಲ್ಲಾಗಲೇ ಅವನು ಇನ್ನೊಂದು ಲೀಗಿನ ನ್ಯೂಜೆರ್ಸಿ ಜನರಲ್ಸ್ ಸೇರಿದ್ದ, ಡೊನಾಲ್ಡ್ ಟ್ರಂಪ್ ಒಡೆತನದ ತಂಡ. ಆ ಲೀಗು ಮುಚ್ಚಿತು. ಚಿಕಾಗೊ, ನ್ಯೂ ಇಂಗ್ಲೆಂಡ್ ಆಗಿ 1990ಕ್ಕೆ ಕೆನಡಾ. ಅಲ್ಲಿಯ ಮೈದಾನ ಅವನಿಗೆ ಅಳತೆ ತೆಗೆದು ಹೊಲಿದಂತಿತ್ತು: ಅಗಲ 65 ಗಜ, ಅಮೆರಿಕಕ್ಕಿಂತ ಸುಮಾರು ಹನ್ನೆರಡು ಗಜ ಜಾಸ್ತಿ, ಪಕ್ಕಕ್ಕೆ ಓಡುವವನಿಗೆ ಸುಗ್ಗಿ. ನಾಲ್ಕರ ಬದಲು ಮೂರೇ ಪ್ರಯತ್ನ, ಹಾಗಾಗಿ ಎಸೆಯಲೇಬೇಕು. ಎದುರಾಳಿ ಲೈನ್ ಚೆಂಡಿನಿಂದ ಒಂದು ಗಜ ದೂರ ನಿಲ್ಲಬೇಕು, ಅಂದರೆ ಕ್ವಾರ್ಟರ್‌ಬ್ಯಾಕ್‌ಗೆ ಒಂದು ಕಣ್ಣುರೆಪ್ಪೆಯಷ್ಟು ಹೆಚ್ಚು ಹೊತ್ತು. 1991ರಲ್ಲಿ ಬಿ.ಸಿ. ಲಯನ್ಸ್ ಪರ 6,619 ಗಜ ಎಸೆದು ಋತುವಿನ ದಾಖಲೆ ಬರೆದ (ಇಲ್ಲಿ ಬಿ.ಸಿ. ಅಂದರೆ ಬ್ರಿಟಿಷ್ ಕೊಲಂಬಿಯಾ, ಬಾಸ್ಟನ್ ಕಾಲೇಜಲ್ಲ). ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಆರು ಸಲ, ಲೀಗಿನ ಚಾಂಪಿಯನ್ನರಿಗೆ ಕೊಡುವ ಗ್ರೇ ಕಪ್ ಮೂರು ಸಲ: ಕ್ಯಾಲ್ಗರಿಗೆ 1992ರಲ್ಲಿ, ಟೊರಾಂಟೊಗೆ 1996 ಮತ್ತು 1997ರಲ್ಲಿ. 2008ರಲ್ಲಿ ಕೆನಡಾದ ಫುಟ್‌ಬಾಲ್ ಹಾಲ್ ಆಫ್ ಫೇಮ್ ಕೂಡ ಅವನನ್ನು ಸೇರಿಸಿಕೊಂಡಿತು. ಅಮೆರಿಕದ ವೃತ್ತಿಪರರ ಹಾಲ್‌ನಲ್ಲಿ ಅವನಿಲ್ಲ. ಒಬ್ಬನೇ ಆಟಗಾರ, ಅದೇ ಕಾಲು, ಮೈದಾನದ ಅಗಲ ಬದಲಾದರೆ ತೂಕವೂ ಬದಲಾಗುತ್ತದೆ.

ಹೆಸರಿನ ಬಳಕೆ ಮಾತ್ರ ಆಟ ದಾಟಿ ಹೋಗಿದೆ. ಕಾಲೇಜಿನ ತಂಡ ಗೆದ್ದರೆ ಅಡ್ಮಿಷನ್ ಅರ್ಜಿ ಏರುತ್ತವೆ ಎಂಬುದಕ್ಕೆ ಅಮೆರಿಕದಲ್ಲಿ ‘ಫ್ಲೂಟಿ ಎಫೆಕ್ಟ್’ ಎನ್ನುತ್ತಾರೆ. ಬಾಸ್ಟನ್ ಕಾಲೇಜಿಗೆ ಎರಡು ವರ್ಷದಲ್ಲಿ ಅರ್ಜಿಗಳು ಶೇ 30ರಷ್ಟು ಏರಿದವು ಎಂಬುದು ಅದರ ಆಧಾರ. ಈ ಲೆಕ್ಕವನ್ನು ಪೂರ್ತಿ ಎಸೆತದ ಖಾತೆಗೆ ಬರೆಯುವುದು ಸರಿಯಲ್ಲ. 1970ರಿಂದಲೇ ಕಾಲೇಜು ಎಲ್ಲ ವಿಭಾಗಗಳನ್ನು ಹೆಣ್ಣುಮಕ್ಕಳಿಗೆ ತೆರೆದಿತ್ತು, ಹಾಸ್ಟೆಲ್‌ಗಳನ್ನು ಕಟ್ಟುತ್ತಿತ್ತು, ಬಾಸ್ಟನ್ ಸುತ್ತಲಿನ ಮಕ್ಕಳ ಕಾಲೇಜು ಎಂಬುದರಿಂದ ದೇಶದ ಕಾಲೇಜಾಗುವ ದಾರಿಯಲ್ಲಿತ್ತು. ಟಿವಿ ಆ ದಾರಿಗೆ ದೀಪ ಹಾಕಿತು ಅಷ್ಟೇ. ಅವನು ಹೈಸ್ಕೂಲು ಆಡಿದ ನೇಟಿಕ್‌ನ ಮಾಲ್‌ಗೂ ಪಕ್ಕದ ಫ್ರೇಮಿಂಗ್‌ಹ್ಯಾಮ್‌ನ ಮಾಲ್‌ಗೂ ನಡುವಿನ ರಸ್ತೆಗೆ ‘ಫ್ಲೂಟಿ ಪಾಸ್’ ಎಂದು ಹೆಸರಿಟ್ಟಿದ್ದಾರೆ. ಅಲ್ಲಿಯ ಭಾಷೆಯಲ್ಲಿ ಪಾಸ್ ಅಂದರೆ ಎಸೆತವೂ ಹೌದು, ನಮ್ಮ ಘಾಟಿಯಂಥ ಹಾದಿಯೂ ಹೌದು. ಎಸೆತ ನಡೆದ ಆರೆಂಜ್ ಬೌಲ್ ಈಗಿಲ್ಲ. ಬಾಸ್ಟನ್ನಿನಲ್ಲಿ ಪ್ರತಿಮೆ ನಿಂತ 2008ರಲ್ಲೇ ಮಯಾಮಿಯಲ್ಲಿ ಅದನ್ನು ಕೆಡವಿದರು. ಆ ಜಾಗದಲ್ಲಿ ಈಗ ಬೇಸ್‌ಬಾಲ್ ಮೈದಾನ.

ಕಾಲಿನ ಮಾತು ಇನ್ನೊಂದಿದೆ. 2006ರ ಜನವರಿ 1, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಪಂದ್ಯ, ಫ್ಲೂಟಿಗೆ 43 ವರ್ಷ. ಟಚ್‌ಡೌನ್ ಆದ ಮೇಲಿನ ಒಂದು ಅಂಕಕ್ಕೆ ಸಾಮಾನ್ಯವಾಗಿ ಒಬ್ಬ ಚೆಂಡನ್ನು ನೆಲಕ್ಕೆ ಹಿಡಿದಿರುತ್ತಾನೆ, ಇನ್ನೊಬ್ಬ ಒದೆಯುತ್ತಾನೆ. ಹಳೆಯದೊಂದು ಕ್ರಮ ಬೇರೆ ಇತ್ತು, ಡ್ರಾಪ್ ಕಿಕ್: ಒದೆಯುವವನೇ ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿಯುವ ಅದೇ ಕ್ಷಣಕ್ಕೆ ಒದೆಯುವುದು. 1930ರ ದಶಕದಲ್ಲಿ ಎಸೆತಕ್ಕೆ ಅನುಕೂಲವಾಗಲೆಂದು ಚೆಂಡನ್ನು ಸಪೂರ ಮಾಡಿದರು, ತುದಿ ಚೂಪಾಯಿತು, ಪುಟಿತ ಎತ್ತ ಹೋಗುತ್ತದೆಂದು ಹೇಳಲಾಗದಂತಾಯಿತು. ಡ್ರಾಪ್ ಕಿಕ್ ಸತ್ತಿತು. ನಿಯಮದ ಪುಸ್ತಕದಲ್ಲಿ ಮಾತ್ರ ಉಳಿಯಿತು. ಆ ದಿನಕ್ಕೆ ಮುಂಚೆ ಎನ್‌ಎಫ್‌ಎಲ್‌ನಲ್ಲಿ ಅಂಕ ತಂದ ಕೊನೆಯ ಡ್ರಾಪ್ ಕಿಕ್ 1941ರದ್ದು.

ಮಾಡುವ ಕ್ರಮ ಹೀಗೆ: ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಕೆಳತುದಿ ನೆಟ್ಟಗೆ ನೆಲ ನೋಡುವಂತೆ, ಮೇಲ್ತುದಿ ತುಸು ತನ್ನ ಕಡೆ ವಾಲುವಂತೆ ಬಿಡಬೇಕು. ಎತ್ತರದಿಂದ ಬಿಟ್ಟರೆ ತುದಿ ಓರೆಯಾಗಿ ಚೆಂಡು ಪಕ್ಕಕ್ಕೆ ಸಿಡಿಯುತ್ತದೆ. ಪಾದ ಒಂದು ಚಣ ತಡವಾದರೆ ಒದೆತ ತಗ್ಗಾಗಿ ಲೈನ್‌ಮನ್ ಕೈಗೆ ತಾಗುತ್ತದೆ. ಬೇಗ ಬಂದರೆ ಪುಟಿಯುವ ಮುನ್ನವೇ ಮುಟ್ಟಿದಂತಾಗಿ ಅದು ಡ್ರಾಪ್ ಕಿಕ್ಕೇ ಅಲ್ಲ. ಫ್ಲೂಟಿ ಗೆರೆಯಿಂದ ಹತ್ತು ಗಜದಷ್ಟು ಹಿಂದೆ ನಿಂತ, ಚೆಂಡು ಹಿಡಿದ, ಬಿಟ್ಟ, ಒದ್ದ. ಎರಡು ಕಂಬಗಳ ನಡುವೆ ಹೋಯಿತು. ಎನ್‌ಎಫ್‌ಎಲ್‌ನಲ್ಲಿ ಅವನು ಗಳಿಸಿದ ಕೊನೆಯ ಅಂಕ ಅದು. ಎದುರಾಳಿ ಆ ದಿನವೂ ಮಯಾಮಿಯವರೇ, ಡಾಲ್ಫಿನ್ಸ್.